ಕೈಗುಣ

ಕೊಯಿಂಬ್ರಾದ ಆಸ್ಪತ್ರೆ, ನೆಲಮಾಳಿಗೆ.
ಫೆಲಿಸ್ಮಿನಾ ಅಲ್ಲಿ ಒಂಬತ್ತು ವರ್ಷ ಗೆರೆ ಎಳೆದಳು.
ಬೇರೇನಿಲ್ಲ, ಗೆರೆ.
ಮಿಲಿಮೀಟರಿಗೊಂದರಂತೆ ಸೀಳಿದ ಬೂದು ಚಿತ್ರಗಳು,
ಕಿವಿಯ ಮಟ್ಟಕ್ಕೆ, ಒಳಗೆ,
ನೆನಪು ಕೂಡಿಡುವ ಪುಟ್ಟ ಸುರುಳಿ,
ಕಡಲ್ಗುದುರೆ ಎಂದು ಹಳಬರು ಹೆಸರಿಟ್ಟದ್ದು,
ಅದರ ಸುತ್ತ ಮೌಸ್ ಹಿಡಿದು ಬೇಲಿ.
ತಲೆಯೊಂದಕ್ಕೆ ಒಂದೂವರೆ ತಾಸು.
ನಡುವೆ ಮಾತಾಡಿಸಿದರೆ ಸಿಟ್ಟು.

ಅವಳ ಕೆಲಸವನ್ನು ಯಂತ್ರಕ್ಕೆ ಕಲಿಸಲು ಬಂದವನು ನಾನು.
ಅವಳಿಗೂ ಗೊತ್ತಿತ್ತು.
ಮೊದಲ ದಿನವೇ ಸ್ಟೂಲು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.
"ನಿಜವಾದದ್ದನ್ನೇ ಹಿಡಿದವಳು ನಾನು,
ಒಲ್ಯಾಂವ್ ಹಿನ್ನೀರಿನಲ್ಲಿ, ಅಪ್ಪನ ಬಲೆಯೊಳಗೆ.
ಬಾಲದಿಂದ ಹುಲ್ಲು ಹಿಡಿದಿರುತ್ತೆ ಅದು,
ಬಿಡಿಸೋಕೆ ಹೋದರೆ ಬೆರಳನ್ನೇ ಹಿಡಿಯುತ್ತೆ.
ಬಾಲ ಸುಲಭ. ತಲೆ ಕಷ್ಟ.
ತಲೆಗೆ ತಾಗಿ ಬಾದಾಮಿಯಂಥದ್ದೊಂದಿದೆ, ನೋಡು,
ಎರಡೂ ಒಂದೇ ಬೂದು.
ಇಲ್ಲಿ ಗಡಿ ಅಂತ ಇರೋದೇ ಇಲ್ಲ.
ಉಸಿರು ಹಿಡಿದು ನಾವೇ ಹಾಕಬೇಕು."

ಸಾವಿರದ ನೂರ ನಲವತ್ತು ತಲೆಗಳು. ಹೆಸರಿಲ್ಲ, ನಂಬರು ಮಾತ್ರ.
ಅಷ್ಟನ್ನೂ ಯಂತ್ರಕ್ಕೆ ಉಣಿಸಿದೆ.
ಒಂದೂವರೆ ತಾಸು ಹನ್ನೊಂದು ಸೆಕೆಂಡಾಯಿತು.
ಪ್ರೊಫೆಸರ್ ಅಬ್ರುನ್ಯೋಝಾ ಕೇಕ್ ತರಿಸಿದರು.
ಅವಳು ಎರಡು ತುಂಡು ತಿಂದು
ಕಾಗದದ ತಟ್ಟೆ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಮರುವರ್ಷ ಯುಟ್ರೆಕ್ಟಿನಿಂದ ಪತ್ರ:
ನಿಮ್ಮ ಯಂತ್ರ ಎಡಬದಿಯ ಬಾಲವನ್ನು
ಕೂದಲೆಳೆಯಷ್ಟು ದಪ್ಪ ಎಳೆಯುತ್ತದೆ.
ನೋಡಿದೆ. ಹೌದು.
ಮುದುಕರಲ್ಲಿ, ಮಕ್ಕಳಲ್ಲಿ, ಕುಡುಕರಲ್ಲಿ, ಪಾದ್ರಿಯಲ್ಲಿ,
ಎಲ್ಲರಲ್ಲೂ, ಅದೇ ಮೂಲೆಯಲ್ಲಿ.
ಹದಿನಾಲ್ಕರಲ್ಲಿ ಸಿಂಪಿ ಬಿಡಿಸುವಾಗ
ಅವಳ ಬಲ ಮಣಿಕಟ್ಟು ಮುರಿದಿತ್ತು;
ಆ ತಿರುವಿನಲ್ಲಿ ಇಂದಿಗೂ ಕಳಕ್ ಎನ್ನುತ್ತದೆ.
ಯಂತ್ರಕ್ಕೆ ಮಣಿಕಟ್ಟಿಲ್ಲ. ಆದರೂ ಅಲ್ಲೇ ತಡವರಿಸುತ್ತಿತ್ತು.
ಕೈಗುಣ ಅಂದುಕೊಂಡೆ ನಾನು.
ಪ್ರೊಫೆಸರು ದೋಷ ಅಂದರು.
ತಿದ್ದಿದೆ.
ಹಳೆಯದನ್ನು ಅಳಿಸಲಿಲ್ಲ, ಯಾಕೆ ಅಂತ ಕೇಳಬೇಡಿ.

ಫೆಬ್ರವರಿಯಲ್ಲಿ ಒಂದು ಸ್ಕ್ಯಾನು ಬಂತು.
ಹೆಂಗಸು, ಅರವತ್ತಾರು. ನಂಬರು ಅಷ್ಟೆ.
ಆದರೆ ತಾರೀಕು ಆ ಗುರುವಾರದ್ದು.
ಅದರ ಹಿಂದಿನ ದಿನ ಫೋನಿನಲ್ಲಿ ಅಂದಿದ್ದಳು:
"ಚಮಚಕ್ಕೆ ಏನಂತಾರೆ ಅಂತ ಹೊಳೀಲಿಲ್ಲ ಕಣೋ,
ಕೈಯಲ್ಲೇ ಹಿಡಕೊಂಡಿದ್ದೆ.
ನಾಳೆ ಆ ಕೊಳವೆಯೊಳಗೆ ಮಲಗಬೇಕಂತೆ,
ಬಡಗಿಗಳೆಲ್ಲ ಸೇರಿ ಮೊಳೆ ಹೊಡೆದ ಹಾಗೆ ಸದ್ದಂತೆ."

ತಿದ್ದಿದ ಯಂತ್ರ ಹೇಳಿತು: ವಯಸ್ಸಿಗೆ ಇರಬೇಕಾದ್ದಕ್ಕಿಂತ ಸಣ್ಣದು. ಕೆಂಪು.
ಹಳೆಯದು: ಪರವಾಗಿಲ್ಲ. ಹಸಿರು.
ಕೆಂಪಿಗೂ ಹಸಿರಿಗೂ ನಡುವೆ ಇದ್ದದ್ದು
ಅವಳದೇ ಮುರಿದ ಮಣಿಕಟ್ಟು,
ತನ್ನ ನೆನಪಿನ ಬಾಲಕ್ಕೆ ತಾನೇ ಸೇರಿಸಿಕೊಟ್ಟ
ಒಂದು ಕೂದಲೆಳೆ.

ಕೆಂಪನ್ನೇ ಕಳಿಸಿದೆ.
ಬೇರೆ ದಾರಿ ಇರಲಿಲ್ಲ.
ಇತ್ತು ಅಂತ ಒಮ್ಮೊಮ್ಮೆ ರಾತ್ರಿ ಅನ್ನಿಸುತ್ತದೆ.

ಏಪ್ರಿಲಿನ ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಬಂದಳು,
ಕೋಟು ಬಿಚ್ಚಲಿಲ್ಲ. "ತೋರಿಸು."
ಕುರ್ಚಿ ಬಿಟ್ಟುಕೊಟ್ಟೆ. ಮೌಸ್ ಹಿಡಿದಳು.
ಬಾಲದಿಂದ ಶುರು. ಸೀಳಿನ ಮೇಲೆ ಸೀಳು.
ಕೈ ಏನನ್ನೂ ಮರೆತಿರಲಿಲ್ಲ,
ಎಡಮೂಲೆಯಲ್ಲಿ ಕಳಕ್ ಅಂದಿತು, ಗೆರೆ ದಪ್ಪವಾಯಿತು,
ನಾನು ಗಡಿಯಾರ ನೋಡುವ ಹಾಗೆ ಮುಖ ತಿರುಗಿಸಿದೆ.

ತಲೆಯ ಹತ್ತಿರ ನಿಂತಳು. ಬಾದಾಮಿಯ ಪಕ್ಕ.
ಪರದೆಯ ಮೇಲೆ ಬಾಣ ಸಣ್ಣಗೆ ಅಲ್ಲಾಡುತ್ತಿತ್ತು.
"ಇಲ್ಲಿ ನಾನು ಏನು ಮಾಡ್ತಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ ಅಂದಳು:
"ನಿನ್ನನ್ನಲ್ಲ. ಅದನ್ನು ಕೇಳು. ಹಳೇದನ್ನು.
ಇಟ್ಟಿರ್ತೀಯ, ನನಗೆ ಗೊತ್ತು."

ಹನ್ನೊಂದು ಸೆಕೆಂಡು.
ಇಬ್ಬರೂ ಉಸಿರು ಹಿಡಿದು ಕೂತೆವು.